ಗ್ಯಾಸ್ ಮೀಟರ್ ಹೊಸದು ಹಾಕಿದ್ದಾರಾ? ಬಿಲ್‌ನ ಹಿಂಬದಿ ಒಮ್ಮೆ ನೋಡಿ

ಮನೆಗೆ ಪೈಪ್‌ನಲ್ಲಿ ಗ್ಯಾಸ್ ಬರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಹಳೇ ಮೀಟರ್ ತೆಗೆಸಿ ಹೊಸದು ಹಾಕಿಸಿಕೊಂಡವರು ಓದಲೇಬೇಕು. ನಾನು ಎಂಟು ತಿಂಗಳು, ಸುಟ್ಟ ಗ್ಯಾಸ್‌ಗಿಂತ ಸುಮಾರು ಮೂರು ಪಟ್ಟು ಗ್ಯಾಸ್‌ಗೆ ದುಡ್ಡು ಕಟ್ಟಿದ್ದೇನೆ. ಎಂಟು ತಿಂಗಳು! ಬರೆಯೋಕೇ ನಾಚಿಕೆ ಆಗುತ್ತಿದೆ. ಚಿಲ್ಲರೆಯನ್ನೂ ಎರಡು ಸಲ ಎಣಿಸಿಕೊಳ್ಳುವ ಆಸಾಮಿ ನಾನು.

ನಮ್ಮ ಹಳೇ ಮೀಟರ್ ಘನ ಅಡಿ ಲೆಕ್ಕದ್ದು. ನಾಲ್ಕು ಅಂಕಿ. ಅದರಲ್ಲಿ ಒಂದು ಯೂನಿಟ್ ಓಡಿತು ಅಂದರೆ ನೂರು ಘನ ಅಡಿ ಗ್ಯಾಸ್ ಹೋಯಿತು ಅಂತ. ಹೊಸದು ಘನ ಮೀಟರ್ ಲೆಕ್ಕದ್ದು, ಐದು ಅಂಕಿ. ಕಂಪನಿಯ ಹುಡುಗ ಬಂದ, ಹಳೇದು ಬಿಚ್ಚಿದ, ಹೊಸದು ಕೂರಿಸಿದ, ಒಲೆ ಹಚ್ಚಿ ತೋರಿಸಿದ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ಎರಡೂ ಬೇರೆ ಬೇರೆ ಅಳತೆಯ ಮೀಟರ್ ಅಂತ ಅವನು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ಮೀಟರ್ ಅಂದರೆ ಮೀಟರ್, ಅಷ್ಟೇ ಅಲ್ವಾ?

ಮುಂದಿನ ತಿಂಗಳು ಬಿಲ್ ನೋಡಿ ತಲೆ ಗಿರ್ ಅಂತು. ಮೊದಲು ನನ್ನ ಮೇಲೇ ಅನುಮಾನ ಬಂತು. ರೀಡಿಂಗ್ ಕಳಿಸುವಾಗ ಕೊನೆಯ ಕೆಂಪು ಅಂಕಿಗಳನ್ನೂ ಸೇರಿಸಿಬಿಟ್ಟೆನಾ ಅಂತ. ಆ ಕೆಂಪು ಅಂಕಿ ದಶಾಂಶದ ಆಚೆಯದು, ಬಿಲ್‌ಗೆ ಬೇಡ. ಒಂದೇ ಒಂದು ಸೇರಿಸಿದರೂ ಹತ್ತು ಪಟ್ಟು ಆಗುತ್ತೆ. ಇಲ್ಲ, ಕಪ್ಪು ಅಂಕಿ ಮಾತ್ರ ಕಳಿಸಿದ್ದೆ. ಬಿಲ್‌ನಲ್ಲೂ ಅದೇ ಇತ್ತು. ಅಂದಾಜು ರೀಡಿಂಗ್ ಕೂಡ ಅಲ್ಲ.

ಆಮೇಲೆ ಲೀಕ್ ಇರಬಹುದಾ ಅಂತ ಹೆದರಿಕೆ. ಒಲೆ, ಗೀಸರ್ ಎಲ್ಲ ಆರಿಸಿ ಅರ್ಧ ಗಂಟೆ ಮೀಟರ್ ಮುಂದೆ ಕೂತೆ. ಕೊನೆಯ ಕೆಂಪು ಅಂಕಿಯೂ ಅಲುಗಲಿಲ್ಲ. ಸರಿ, ಲೀಕ್ ಇಲ್ಲ. ಹಾಗಾದರೆ ಮನೆಯವರೇ ಜಾಸ್ತಿ ಉರಿಸುತ್ತಿದ್ದಾರೆ ಅಂತ ತೀರ್ಮಾನ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ದರ್ಬಾರು. ಗೀಸರ್ ಹಾಕಿದರೆ ಬಾಗಿಲು ತಟ್ಟುವುದು. ಹಾಲು ಉಕ್ಕುವ ಮೊದಲೇ ಒಲೆ ಆರಿಸುವುದು. ಅಮ್ಮ ಒಂದು ದಿನ, "ನನಗೆ ಅರ್ಧ ಬಕೆಟ್ ಬಿಸಿನೀರು ಸಾಕು ಬಿಡಪ್ಪ, ದಿನಾ ಸ್ನಾನ ಮಾಡ್ಲೇಬೇಕು ಅಂತೇನಿಲ್ಲ" ಅಂದರು. ಎಪ್ಪತ್ತು ದಾಟಿದವರು. ಆ ಮಾತು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ.

ಕಂಪನಿಗೆ ಫೋನ್ ಮಾಡಲಿಲ್ಲ ಅಂದುಕೊಳ್ಳಬೇಡಿ. ಮಾಡಿದೆ. ಮೊದಲ ಸಲ ಸಿಕ್ಕ ಉತ್ತರ, "ಚಳಿಗಾಲ ಅಲ್ವಾ ಸರ್, ಎಲ್ಲರ ಮನೇಲೂ ಜಾಸ್ತಿ ಬರುತ್ತೆ." ಒಪ್ಪಿಕೊಂಡೆ. ಚಳಿ ಹೋಯಿತು, ಬಿಲ್ ಇಳಿಯಲಿಲ್ಲ. ಎರಡನೇ ಸಲ ಮಾತಾಡಿದವರು ಹಳೇ ಲೆಕ್ಕ ತೆಗೆದು ನನಗೇ ಪಾಠ ಮಾಡಿದರು.

"ನೋಡಿ ಸರ್, ಹೋದ ವರ್ಷ ಇದೇ ತಿಂಗಳು 20 ಯೂನಿಟ್. ಈ ವರ್ಷ 55. ನೀವೇ ಕಳಿಸಿದ ರೀಡಿಂಗ್. ಬಳಕೆ ಜಾಸ್ತಿ ಆಗಿದೆ, ಅಷ್ಟೇ."

ನಾನು ಕೋಲೆ ಬಸವನ ಥರ ತಲೆ ಆಡಿಸಿ ಫೋನ್ ಇಟ್ಟೆ. ಇಲ್ಲೇ ನಾನು ಪೂರ್ತಿ ಮೋಸ ಹೋಗಿದ್ದು. ಆ 20 ನೂರು ಘನ ಅಡಿಯ ಲೆಕ್ಕದ್ದು. ಈ 55 ಘನ ಮೀಟರ್ ಲೆಕ್ಕದ್ದು. ನೂರು ಘನ ಅಡಿ ಅಂದರೆ 2.83 ಘನ ಮೀಟರ್. 20ನ್ನು 2.83ರಿಂದ ಗುಣಿಸಿ ನೋಡಿ, 56.6. ಅಂದರೆ ನಾವು ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆಯೇ ಬಳಸಿದ್ದೆವು! ಅವರು ಹೇಳಿದ ಎರಡು ಅಂಕಿಯಲ್ಲೇ ಉತ್ತರ ಇತ್ತು. ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಮೂರನೇ ಸಲ ಇಮೇಲ್ ಬರೆದೆ. ಮೀಟರ್ ಜೋರಾಗಿ ಓಡುತ್ತಿದೆ ಅಂತ ಅನುಮಾನ ಇದ್ದರೆ ಪರೀಕ್ಷೆ ಮಾಡಿಸಬಹುದು, ಮೀಟರ್ ಸರಿ ಇದೆ ಅಂತ ಬಂದರೆ ಶುಲ್ಕ ನನ್ನದು ಅಂತ ಉತ್ತರ ಬಂತು. ಸಿಟ್ಟಿನಲ್ಲಿ ಆಗಲಿ ಅಂದೆ. ಇಬ್ಬರು ಬಂದು ಏನೋ ಜೋಡಿಸಿ ಪರೀಕ್ಷೆ ಮಾಡಿದರು. ಮೀಟರ್ ಸರಿಯಾಗೇ ಇತ್ತು. ಇರಲೇಬೇಕಲ್ಲ, ತಪ್ಪು ಮೀಟರ್‌ನದ್ದೇ ಅಲ್ಲ! ಶುಲ್ಕ ಕಟ್ಟಿದೆ. ಅದಾದ ಮೇಲೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಬಿಲ್ ಕಟ್ಟಿದೆ. ಪರೀಕ್ಷೆ ಮಾಡಿಸಿ ಸೋತವನು ಮತ್ತೆ ಯಾವ ಮುಖ ಇಟ್ಟುಕೊಂಡು ಜಗಳ ಆಡುವುದು?

ಗೊತ್ತಾಗಿದ್ದು ಒಂದು ರಾತ್ರಿ. ರೀಡಿಂಗ್ ಕಳಿಸುವ ದಿನ ಮರೆತಿದ್ದೆ. ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಡಬ್ಬಿ ತೆಗೆದೆ. ಜೇಡರ ಬಲೆ ಒರೆಸಿ ಅಂಕಿ ನೋಡಿದೆ, 00467. ಅದರ ಪಕ್ಕದಲ್ಲೇ ಒಂದು ಎಂ, ಅದರ ತಲೆ ಮೇಲೆ ಪುಟ್ಟ 3. ಘನ ಮೀಟರ್. ಎಷ್ಟು ಸಲ ನೋಡಿದ್ದೆನೋ ಅದನ್ನು. ಕೈಯಲ್ಲಿ ಹಿಂದಿನ ಬಿಲ್ ಇತ್ತು, ಹಿಂದಿನ ರೀಡಿಂಗ್ 00412 ಅಂತ ನೋಡಿಕೊಳ್ಳಲು ತಂದಿದ್ದೆ. ಹಿಂಬದಿ ತಿರುಗಿಸಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, 'ಮೀಟರ್ ವಿಧ: ನೂರು ಘನ ಅಡಿ'. ಅದರ ಕೆಳಗೆ, '2.83ರಿಂದ ಗುಣಿಸಿದೆ'.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಲೆಕ್ಕ ಹೇಳುತ್ತೇನೆ, ನಿಮ್ಮ ಬಿಲ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೀಟರ್ ಅಳೆಯುವುದು ಗ್ಯಾಸ್‌ನ ಗಾತ್ರವನ್ನು. ನನ್ನ ಬಿಲ್‌ನಂಥದ್ದರಲ್ಲಿ ದುಡ್ಡು ಹಾಕುವುದು ಶಾಖಕ್ಕೆ, ಅಂದರೆ ಕಿಲೋವಾಟ್ ಗಂಟೆಗೆ. 467ರಲ್ಲಿ 412 ಕಳೆದರೆ 55 ಘನ ಮೀಟರ್. ಬಿಸಿ, ಒತ್ತಡಕ್ಕೆ ತಕ್ಕಂತೆ ಗ್ಯಾಸ್ ಹಿಗ್ಗುತ್ತೆ, ಕುಗ್ಗುತ್ತೆ, ಅದಕ್ಕೆ ಒಂದು ತಿದ್ದುಪಡಿ ಅಂಕಿ. ನನ್ನ ಬಿಲ್‌ನಲ್ಲಿ 1.02264. ಆಮೇಲೆ ಒಂದು ಘನ ಮೀಟರ್ ಉರಿದರೆ ಎಷ್ಟು ಶಾಖ ಅನ್ನುವ ಅಂಕಿ. ಇದು ಗ್ಯಾಸ್‌ನ ಗುಣದ ಮೇಲೆ ಸ್ವಲ್ಪ ಆಚೀಚೆ ಆಗುತ್ತೆ, ನನಗೆ ಆ ತಿಂಗಳು 39.5 ಮೆಗಾಜೌಲ್ ಹಾಕಿದ್ದರು. ಇವೆಲ್ಲ ಗುಣಿಸಿ 3.6ರಿಂದ ಭಾಗಿಸಬೇಕು, ಯಾಕೆಂದರೆ 3.6 ಮೆಗಾಜೌಲ್ ಸೇರಿದರೆ ಒಂದು ಕಿಲೋವಾಟ್ ಗಂಟೆ. ಬರಬೇಕಾಗಿದ್ದು 617. ನಡುವೆ ಸುಮ್ನೆ ಒಂದು 2.83 ತೂರಿಸಿದ್ದಕ್ಕೆ ಬಂದಿದ್ದು 1746.

617 ಎಲ್ಲಿ, 1746 ಎಲ್ಲಿ!

ಮಾರನೇ ದಿನ ಫೋನ್ ಮಾಡಿದೆ. "ಲೆಕ್ಕ ಸಿಸ್ಟಮ್ ಮಾಡುತ್ತೆ ಸರ್, ನಾವು ಮಾಡಲ್ಲ" ಅಂದರು. ಸಿಸ್ಟಮ್‌ಗೆ ಮೀಟರ್ ಯಾವುದು ಅಂತ ಹೇಳಿದ್ದು ಯಾರು ಅಂತ ಕೇಳಿದೆ. ಹೋಲ್ಡ್‌ನಲ್ಲಿ ಇಟ್ಟರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಫೋನ್ ಕಟ್ ಆಯಿತು. ಆಮೇಲೆ ಬುದ್ಧಿ ಬಂತು. ಮೀಟರ್‌ನ ಅಂಕಿ, ಎಂ ಮೇಲಿನ 3, ಮೀಟರ್ ನಂಬರ್ ಮೂರೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆದೆ. ಬಿಲ್‌ನ ಹಿಂಬದಿಯದೂ ಒಂದು. ಎರಡನ್ನೂ ಇಮೇಲ್‌ಗೆ ಹಾಕಿ, ನನ್ನ ಲೆಕ್ಕವನ್ನೂ ಬರೆದು ಕಳಿಸಿದೆ. ಒಂಬತ್ತು ದಿನಕ್ಕೆ ಉತ್ತರ: "ಮೀಟರ್ ಬದಲಾವಣೆಯ ವಿವರ ನಮ್ಮ ದಾಖಲೆಯಲ್ಲಿ ಸೇರಿರಲಿಲ್ಲ. ಆದ ಅನಾನುಕೂಲಕ್ಕೆ ವಿಷಾದವಿದೆ."

ಅನಾನುಕೂಲ ಅಂತೆ! ಅಮ್ಮನ ಅರ್ಧ ಬಕೆಟ್ ಅವರ ಲೆಕ್ಕದಲ್ಲಿ ಅನಾನುಕೂಲ.

ಇನ್ನೊಂದು ವಿಷಯ, ಇದು ಉಲ್ಟಾ ಕೂಡ ಆಗಬಹುದು. ಘನ ಅಡಿ ಮೀಟರ್‌ಗೆ ಘನ ಮೀಟರ್ ಲೆಕ್ಕ ಹಾಕಿದರೆ ಬಿಲ್ ಕಡಿಮೆ ಬರುತ್ತೆ. ಖುಷಿಪಟ್ಟು ಸುಮ್ಮನಿರಬೇಡಿ, ಗೊತ್ತಾದ ದಿನ ಬಾಕಿ ಕಟ್ಟಿ ಅಂತ ಕೇಳಬಹುದು. ಗುಣಿಸಿ ಭಾಗಿಸೋಕೆ ಬೇಜಾರಾದರೆ ಇಷ್ಟು ನೆನಪಿಟ್ಟುಕೊಳ್ಳಿ. ಪೈಪ್‌ನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಒಂದು ಘನ ಮೀಟರ್ ಅಂದರೆ ಸುಮಾರು 11 ಕಿಲೋವಾಟ್ ಗಂಟೆ. ನಿಮ್ಮದು ಘನ ಮೀಟರ್ ಮೀಟರ್ ಆಗಿದ್ದು, ಬಿಲ್‌ನಲ್ಲಿ ಮೀಟರ್‌ನ ಒಂದು ಯೂನಿಟ್‌ಗೆ 31, 32 ಕಿಲೋವಾಟ್ ಗಂಟೆ ಬೀಳುತ್ತಿದ್ದರೆ ನೀವೂ ನನ್ನ ದೋಣಿಯಲ್ಲೇ ಇದ್ದೀರಿ. ಮೀಟರ್ ಬದಲಾಯಿಸುವ ದಿನ ಹಳೇದರ ಕೊನೇ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡರ ಫೋಟೋ ತೆಗೆಯಿರಿ, ಆ ಹುಡುಗ ಹೊರಡುವ ಮೊದಲೇ. ಫೋನ್‌ನಲ್ಲಿ ಮಾತಾಡಿ ಪ್ರಯೋಜನ ಇಲ್ಲ, ಬರೆದೇ ಕೇಳಿ. ಮೀಟರ್ ಪರೀಕ್ಷೆಗೆ ಮಾತ್ರ ನನ್ನ ಥರ ಓಡಬೇಡಿ, ಮೊದಲು ಬಿಲ್‌ನ ಹಿಂಬದಿ ಓದಿ.

ಹೆಚ್ಚು ಕಟ್ಟಿದ ದುಡ್ಡು ಕೈಗೆ ಬಂದಿಲ್ಲ, ಮುಂದಿನ ಬಿಲ್‌ಗಳಲ್ಲಿ ಕಳೆಯುತ್ತಾರಂತೆ. ಪರೀಕ್ಷೆಯ ಶುಲ್ಕ ವಾಪಸ್ ಕೊಡಿ ಅಂತ ಬೇರೆಯಾಗಿ ಬರೆದಿದ್ದೆ. ನಿನ್ನೆ ಉತ್ತರ ಬಂತು. ಕೊಡಲು ಆಗುವುದಿಲ್ಲವಂತೆ. ಪರೀಕ್ಷೆಯಲ್ಲಿ ಮೀಟರ್ ಸರಿ ಇತ್ತಲ್ಲ, ಅದಕ್ಕೆ.