ಹತ್ತು ಗಂಟೆಗೆ ಎದ್ದು ಹೋಗಬೇಡಿ: ಟಿಳಕವಾಡಿಯ ಮಹಡಿ ಮೇಲಿನ ಹಾಡು

ಬೆಳಗಾವಿಯ ಟಿಳಕವಾಡಿಯಲ್ಲಿ ಮಹಡಿ ಮೇಲಿರುವ ಈ ಹೋಟೆಲು ಊಟಕ್ಕಿಂತ ಹಾಡಿಗಾಗಿ ಹೋಗಬೇಕಾದ ಜಾಗ.

ನಾನು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಗೆಳೆಯನ ಬೈಕಿನಲ್ಲಿ ಖಾನಾಪುರ ರಸ್ತೆ ಹಿಡಿದು ಬರುವಾಗ ಮಳೆ ಜೋರಾಯಿತು. ಸುಮ್ನೆ ಮಳೆ ನಿಲ್ಲುವವರೆಗೆ ಅಂತ ಟಿಳಕವಾಡಿಯಲ್ಲಿ ಗಾಡಿ ನಿಲ್ಲಿಸಿದೆವು. ಮೇಲಿನಿಂದ ತಬಲಾ ಶ್ರುತಿ ಮಾಡುವ ಸುತ್ತಿಗೆಯ ಸದ್ದು ಕೇಳಿತು. ಮೆಟ್ಟಿಲು ಹತ್ತಿಬಿಟ್ಟೆವು. ಪ್ರವೇಶಕ್ಕೆ ದುಡ್ಡಿಲ್ಲ, ಊಟದ ಬಿಲ್ ಅಷ್ಟೇ.

ತಬಲಾದವರು ತುಂಬಾ ಹೊತ್ತು ತಗೊಂಡರು. ಬೆಳಗಾವಿಯ ಮಳೆಗಾಲ ಅಲ್ವಾ, ತೇವಕ್ಕೆ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ಅವರು ಪಟ್ಟಿಗಳ ಕೆಳಗಿನ ಮರದ ತುಂಡುಗಳನ್ನು, ಅಂದರೆ ಗಟ್ಟಾಗಳನ್ನು ಸರಿಸಿ, ಚರ್ಮದ ಸುತ್ತಲಿನ ಹೆಣೆದ ಅಂಚನ್ನು, ಅಂದರೆ ಗಜರಾವನ್ನು ಒಂದೊಂದೇ ಕಡೆ ತಟ್ಟಿ, ಬೆರಳಿಟ್ಟು ಕೇಳಿ, ಮತ್ತೆ ತಟ್ಟುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ. ಆಗಲೇ ಈ ಜಾಗ ನನಗೆ ಹಿಡಿಸಿತು.

ಹಾಡಿದ ಹೆಣ್ಣುಮಗಳು ಹಾರ್ಮೋನಿಯಂ ತಾನೇ ನುಡಿಸಿದಳು. ಮೊದಲು ವಚನ, ಆಮೇಲೆ ಮರಾಠಿ ಭಕ್ತಿಗೀತೆ ಅಭಂಗ, ನಡುವೆ ಒಂದು ಗಜಲ್. ಪಕ್ಕದ ಟೇಬಲ್ಲಿನ ಮರಾಠಿ ಮನೆಯವರು ವಚನಕ್ಕೆ ತಾಳ ಹಾಕಿದರು, ಅಭಂಗಕ್ಕೆ ನಾವು ಹಾಕಿದೆವು. ನಮ್ಮ ಊರಿನಲ್ಲಿ ಹಾಡು ಕೇಳುವುದೇ ಹೀಗೆ.

ಆದರೆ ಮೈಕಿನ ವ್ಯವಸ್ಥೆ ಸರಿಯಿಲ್ಲ. ಸ್ಪೀಕರನ್ನು ತಗಡಿನ ಚಾವಣಿ ಕೆಳಗೆ ಮೂಲೆಗೆ ತಳ್ಳಿದ್ದಾರೆ. ಬೇಸ್ ಗುಂಯ್ ಅಂತದೆ, ವಚನದ ಮಾತು ಅರ್ಧ ನುಂಗಿ ಹೋಗುತ್ತದೆ. ಅದರ ಮೇಲೆ ಅಡುಗೆಮನೆಯ ಮಿಕ್ಸರ್. ಆಲಾಪ ಮೇಲಿನ ‘ಸಾ’ ಸ್ವರವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಅದು ಶುರುವಾಯಿತು, ನನಗೆ ಸಿಟ್ಟೇ ಬಂತು. ಎಣ್ಣೆಗಾಯಿ ಚೆನ್ನಾಗಿತ್ತು, ರೊಟ್ಟಿ ಆರಿ ಬಂತು.

ಹತ್ತು ಗಂಟೆಗೆ ಮೈಕ್ ಬಂದ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮವೇ ಇದೆ, ಈ ಮಹಡಿಗೆ ಗೋಡೆಯೂ ಇಲ್ಲ. ಅರ್ಧ ಜನ ಎದ್ದು ಹೋದರು. ಉಳಿದವರು ಕುರ್ಚಿ ಎಳೆದುಕೊಂಡು ಮುಂದೆ ಕೂತೆವು. ಮಳೆ ನಿಂತಿತ್ತು, ಅಡುಗೆಮನೆಯೂ ಮುಚ್ಚಿತ್ತು. ಆಕೆ ದೇಸ್ ರಾಗ ಎತ್ತಿಕೊಂಡಳು. ಅದರಲ್ಲಿ ‘ನಿ’ ಸ್ವರ ಏರುವಾಗ ಶುದ್ಧ ನಿಷಾದ, ಇಳಿಯುವಾಗ ತುಸು ತಗ್ಗಿದ ಕೋಮಲ ನಿಷಾದ. ಆ ಎರಡು ನಿಷಾದದ ನಡುವಿನ ಕೂದಲೆಳೆಯಷ್ಟು ದೂರ ಬರಿಗಂಟಲಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಅಂದರೆ, ದಿನವಿಡೀ ಯಂತ್ರದ ಸದ್ದಿನಲ್ಲಿ ಇರುವ ನನ್ನ ಕಿವಿ ತಣ್ಣಗಾಯಿತು. ಭಜನಾ ಮಂಡಳಿಯಲ್ಲಿ ನಾನೂ ಪೇಟಿ (ಹಾರ್ಮೋನಿಯಂ) ನುಡಿಸುತ್ತೇನೆ. ಆ ಇಳಿಕೆ ಸುಲಭದ್ದಲ್ಲ.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ಸುಳೇಭಾವಿಯಲ್ಲಿ. ಅವರ ಹೆಸರಿನ ರಂಗಮಂದಿರವೂ ಬೆಳಗಾವಿಯಲ್ಲಿ ಇದೆ. ಅಲ್ಲಿಗೆ ಹೋಗಬೇಕೆಂದರೆ ಕಾರ್ಯಕ್ರಮದ ದಿನ ನೋಡಿಕೊಂಡು, ಹೊತ್ತಿಗೆ ಸರಿಯಾಗಿ ಹೋಗಬೇಕು. ಕೆಲಸದ ಬಟ್ಟೆಯಲ್ಲೇ, ಹಸಿದ ಹೊಟ್ಟೆಯಲ್ಲಿ ಬಂದವರನ್ನೂ ಕೂರಿಸಿ ಹಾಡು ಕೇಳಿಸುವ ಜಾಗ ಊರಿಗೆ ಬೇಕೇ ಬೇಕು. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ.

ಹೋಗುವವರು ಸ್ಪೀಕರಿನಿಂದ ದೂರ, ವೇದಿಕೆಯ ಎಡಕ್ಕೆ ಕೂರಿ. ಊಟ ಒಂಬತ್ತರೊಳಗೆ ಮುಗಿಸಿ. ಮಾಲೀಕರಲ್ಲಿ ಒಂದೇ ಬೇಡಿಕೆ: ಮಿಕ್ಸರನ್ನು ಕೆಳಗಿನ ಮಹಡಿಗೆ ಸಾಗಿಸಿ, ಮೈಕಿಲ್ಲದ ಹಾಡನ್ನು ಒಂಬತ್ತೂವರೆಗೇ ಶುರು ಮಾಡಿಸಿ.