ಮೂರು ಚೊಚ್ಚಲ ಆಲ್ಬಮ್‌ಗಳು: ಹೆಂಚಿನ ಮಾಡಿನ ಕೆಳಗೆ ಮತ್ತು ಘಟ್ಟದ ಬಸ್ಸಿನಲ್ಲಿ

ಸ್ವೀಡನ್ನಿನ ಹ್ಯಾಮರ್‌ಫಾಲ್ ತಂಡದ ‘ಗ್ಲೋರಿ ಟು ದ ಬ್ರೇವ್’ (1997), ಇಟಲಿಯ ರ‍್ಯಾಪ್ಸಡಿ ತಂಡದ ‘ಲೆಜೆಂಡರಿ ಟೇಲ್ಸ್’ (1997) ಮತ್ತು ಫಿನ್ಲೆಂಡಿನ ಸೊನಾಟಾ ಆರ್ಕ್ಟಿಕಾ ತಂಡದ ‘ಇಕ್ಲಿಪ್ಟಿಕಾ’ (1999), ಈ ಮೂರೂ ಪವರ್ ಮೆಟಲ್ (ವೇಗದ ಲಯ, ಎತ್ತರದ ಸ್ವಚ್ಛ ಕಂಠ, ವೀರಗಾಥೆಯಂತಹ ಹಾಡುಗಳುಳ್ಳ ಮೆಟಲ್ ಸಂಗೀತ) ಪ್ರಕಾರದ ಚೊಚ್ಚಲ ಆಲ್ಬಮ್‌ಗಳು. ಇವನ್ನು ಈ ಮಳೆಗಾಲದಲ್ಲಿ ಶಿರಸಿಯ ಮನೆಯ ಜಗಲಿಯಲ್ಲಿ ಸಣ್ಣ ಸ್ಪೀಕರಿನಿಂದಲೂ, ದೇವಿಮನೆ ಘಟ್ಟ ಇಳಿದು ಕುಮಟಾ ಮೂಲಕ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನಿನಿಂದಲೂ ಸರದಿಯಂತೆ ಕೇಳಿದೆ.

ನನಗೆ ಹೆಚ್ಚಿನ ನಿರೀಕ್ಷೆ ಇದ್ದದ್ದು ರ‍್ಯಾಪ್ಸಡಿಯ ಮೇಲೆ. ಲೂಕಾ ತುರಿಲ್ಲಿಯ ಗಿಟಾರ್ ಮತ್ತು ಅಲೆಕ್ಸ್ ಸ್ಟಾರೊಪೊಲಿಯ ಕೀಬೋರ್ಡ್ ಸೇರಿ ಕಟ್ಟುವ ಈ ಕಾಲ್ಪನಿಕ ಯುದ್ಧಕಥೆಯು ಮುಂದೆ 2002ರವರೆಗೆ ಹಲವು ಆಲ್ಬಮ್‌ಗಳಲ್ಲಿ ಬೆಳೆಯಿತು. ಲ್ಯಾಟಿನ್ ಸಾಲುಗಳ ಗುಂಪುಗಾಯನದಿಂದ ಆರಂಭವಾಗುವ ಇದರ ಪೀಠಿಕೆ ನಮ್ಮ ಯಕ್ಷಗಾನದ ಒಡ್ಡೋಲಗವನ್ನೇ ನೆನಪಿಸುತ್ತದೆ. ಅಡುಗೆಮನೆಯಲ್ಲಿದ್ದ ಆಯಿ ಕೂಡ ಯಾವ ವೇಷ ಬರುವುದಿದೆ ಎಂದು ವಿಚಾರಿಸಿದರು. ಆದರೆ ಹೆಂಚಿನ ಮೇಲೆ ಮಳೆ ಜೋರಾದಂತೆ ಅದರ ಸದ್ದು ಗುಂಪುಗಾಯನದ ಮೇಲಿನ ಸ್ವರಗಳನ್ನೂ ಡ್ರಮ್ ಸೆಟ್ಟಿನ ತಾಳಗಳ ಝಣತ್ಕಾರವನ್ನೂ ನುಂಗಿಹಾಕಿ, ಪದರಪದರವಾಗಿ ಹೆಣೆದ ಸಂಗೀತವೆಲ್ಲ ಒಂದೇ ಮುದ್ದೆಯಾಗಿ ಕೇಳಿಸಿತು. ಮಳೆ ನಿಂತ ರಾತ್ರಿ ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ಕೊಳಲು ಮತ್ತು ಅಕೂಸ್ಟಿಕ್ ಗಿಟಾರಿನ ‘ಫಾರೆಸ್ಟ್ ಆಫ್ ಯುನಿಕಾರ್ನ್ಸ್’ ಹಾಡಿನ ಸೊಗಸು ಪೂರ್ತಿ ತಿಳಿಯಿತು. ಫಾಬಿಯೊ ಲಿಯೋನೆಯ ಕಂಠವು ಆ ವೈಭವಕ್ಕೆ ತಕ್ಕದ್ದಾಗಿದ್ದರೂ ಡ್ರಮ್ಮಿನ ನಾದ ನನಗೆ ತೆಳುವೆನಿಸಿತು.

ಹ್ಯಾಮರ್‌ಫಾಲ್‌ನಲ್ಲಿ ಅಂತಹ ಆಡಂಬರವಿಲ್ಲ. ಕಂಠ ಒಡೆದು ಗರ್ಜಿಸುವ ಮೆಟಲ್ ಸಂಗೀತಕ್ಕೆ ಗೊಥೆನ್‌ಬರ್ಗ್ ನಗರವು ಹೆಸರಾಗಿದ್ದ ಕಾಲದಲ್ಲಿ, ಅದೇ ಊರಿನ ಈ ತಂಡವು ಎಂಬತ್ತರ ದಶಕದ ರೀತಿಯ ನೇರವಾದ ರಿಫ್‌ಗಳನ್ನೂ (ಮರಳಿ ಮರಳಿ ಬರುವ ಗಿಟಾರಿನ ಸಣ್ಣ ತುಣುಕುಗಳು) ಯೋಆಕಿಮ್ ಕಾನ್ಸ್‌ನ ಸ್ವಚ್ಛ ಕಂಠವನ್ನೂ ನೆಚ್ಚಿಕೊಂಡಿತು. ಗಿಟಾರ್ ಮತ್ತು ಹಾಡುಗಾರಿಕೆ ಎರಡೂ ಮಧ್ಯದ ಸ್ವರವಲಯದಲ್ಲಿ ನಿಲ್ಲುವುದರಿಂದ ಮಳೆಯಲ್ಲೂ ಬಸ್ಸಿನಲ್ಲೂ ಕೆಡದೆ ಉಳಿದದ್ದು ಈ ಆಲ್ಬಮ್ ಒಂದೇ. ಐದನೆಯ ಸಲ ಕೇಳುವ ಹೊತ್ತಿಗೆ, ಕೊನೆಯ ನಿಧಾನಗತಿಯ ಶೀರ್ಷಿಕೆ ಹಾಡನ್ನು ಬಿಟ್ಟರೆ, ಹೊಸದಾಗಿ ಹುಡುಕುವಂಥದ್ದು ನನಗೇನೂ ಉಳಿದಿರಲಿಲ್ಲ.

ಸೊನಾಟಾ ಆರ್ಕ್ಟಿಕಾದ ವಿಷಯದಲ್ಲಿ ನನ್ನ ಎಣಿಕೆ ತಪ್ಪಿತು. ಟೋನಿ ಕಾಕ್ಕೊ ಇಲ್ಲಿ ಹಾಡುಗಾರನೂ ಹೌದು, ಕೀಬೋರ್ಡ್ ನುಡಿಸುವವನೂ ಹೌದು. ಖಡ್ಗ, ಡ್ರ್ಯಾಗನ್‌ಗಳ ಬದಲು ‘ಲೆಟರ್ ಟು ಡಾನಾ’ದಂತಹ ಹಾಡಿನಲ್ಲಿ ದೂರವಾದವಳಿಗೆ ಬರೆದ ಪತ್ರವಿದೆ, ತೋಳನಾಗಿ ಬದಲಾಗುವವನ ಕಥೆಯಾದ ‘ಫುಲ್‌ಮೂನ್’ ಕೂಡ ಮನೆಯೊಳಗಿನ ಭಯವನ್ನೇ ಹೇಳುತ್ತದೆ. ಸ್ಪೀಕರಿನಲ್ಲಿ ಬಿಡುವಿಲ್ಲದ ಡಬಲ್ ಬಾಸ್ ಡ್ರಮ್ (ಎರಡೂ ಕಾಲುಗಳಿಂದ ವೇಗವಾಗಿ ನುಡಿಸುವ ಕೆಳಸ್ವರದ ಡ್ರಮ್) ಬೇಸರ ತರಿಸಿದರೂ, ಬಸ್ಸಿನ ಎಂಜಿನ್ನಿನ ಗುಡುಗು ಆ ಕೆಳಸ್ವರಗಳನ್ನು ಮುಚ್ಚಿದ್ದರಿಂದ ಕೀಬೋರ್ಡ್ ಮತ್ತು ಗಿಟಾರಿನ ಪೈಪೋಟಿ ಸ್ಪಷ್ಟವಾಗಿ ಕೇಳಿಸಿತು, ಎಂದರೆ ಈ ಆಲ್ಬಮ್ಮಿಗೆ ನಮ್ಮ ಬಸ್ಸಿನಿಂದ ಉಪಕಾರವೇ ಆಯಿತು.

ಈ ಸಂಗೀತಕ್ಕೆ ಹೊಸಬರಾದವರಿಗೆ ನಾನು ಮೊದಲು ಕೊಡುವುದು ‘ಇಕ್ಲಿಪ್ಟಿಕಾ’. ‘ಲೆಜೆಂಡರಿ ಟೇಲ್ಸ್’ ಅನ್ನು ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಕೇಳಬೇಕೆಂದಿದ್ದೇನೆ.