ನೆರಳಿನ ಹಿತ್ತಿಲಿಗೆ ಸೊಪ್ಪಿನ ಕಿಟ್: ತರಬೇಕಾದ್ದೇನು, ಬಿಡಬೇಕಾದ್ದೇನು

ಚಿಕ್ಕಮಗಳೂರಿನ ಬೀಜ-ಗೊಬ್ಬರದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಈಗ ‘ಕೈತೋಟದ ಸೊಪ್ಪಿನ ಕಿಟ್’ ಎಂಬ ರಟ್ಟಿನ ಪೆಟ್ಟಿಗೆ ಧಾರಾಳವಾಗಿ ಸಿಗುತ್ತದೆ. ಕಂಪನಿ ಯಾವುದೇ ಇರಲಿ, ಒಳಗಿರುವುದು ಹೆಚ್ಚುಕಮ್ಮಿ ಅದೇ: ಆರೆಂಟು ಗ್ರೋ ಬ್ಯಾಗು (ಗಿಡ ಬೆಳೆಸುವ ಚೀಲ), ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಎರೆಗೊಬ್ಬರ, ಬೇವಿನ ಹಿಂಡಿ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಪಾಲಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರದ ಪೊಟ್ಟಣ, ಒಂದು ತುಂಡು ಹಸಿರು ನೆರಳು ಬಲೆ, ಎಂಟು ಹತ್ತು ಬಗೆ ಬೀಜ. ಬೇರೆ ಬೇರೆ ಹೆಸರಿನಲ್ಲಿ ಬಂದರೂ ಎಲ್ಲವೂ ಒಂದೇ ಅಚ್ಚಿನವಾದ್ದರಿಂದ ಇಲ್ಲಿ ಯಾವ ಬ್ರ್ಯಾಂಡಿನ ಹೆಸರನ್ನೂ ಎತ್ತುತ್ತಿಲ್ಲ. ನೋಡಬೇಕಾದ ಪ್ರಶ್ನೆ ಬೇರೆ. ಹಿತ್ತಿಲ ತುಂಬ ಸಿಲ್ವರ್ ಓಕ್, ಅಡಿಕೆ, ಹಲಸು, ಪಕ್ಕದಲ್ಲಿ ಎರಡಂತಸ್ತಿನ ಮನೆ; ಇಂಥ ನೆರಳಿನ ಜಾಗಕ್ಕೆ ಈ ಪೆಟ್ಟಿಗೆ ದಕ್ಕುತ್ತದೆಯೇ?

ಇಡೀ ಪೆಟ್ಟಿಗೆ ದಕ್ಕುವುದಿಲ್ಲ. ಇದನ್ನು ಬೆಂಗಳೂರಿನ ತಾರಸಿಯ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಿದ್ದಾರೆ. ಅರಸೀಕೆರೆ, ಕಡೂರಿನ ಕಡೆಯ ಬಯಲಿನ ಮನೆಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಹಿತ್ತಿಲಿಗೆ ಇದರಿಂದ ಚೀಲ ಮತ್ತು ಬೇವಿನ ಹಿಂಡಿ ಬೇಕು, ಬೀಜದಲ್ಲಿ ಅರ್ಧ ಬೇಕು. ಉಳಿದದ್ದರಲ್ಲಿ ಹೆಚ್ಚಿನದು ದುಡ್ಡು ದಂಡ. ಬಿಡಿಬಿಡಿಯಾಗಿ ಕೊಡುವ ಅಂಗಡಿ ಸಿಕ್ಕರೆ ಅಲ್ಲೇ ಕೊಳ್ಳುವುದು ಜಾಣತನ.

ಕೊಳ್ಳುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿಲ್ಲ. ಮೋಡವಿಲ್ಲದ ದಿನ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹಿತ್ತಿಲಿಗೆ ಹೋಗಿ, ಚೀಲ ಇಡುವ ಜಾಗಕ್ಕೆ ನೇರ ಬಿಸಿಲು ಬಿದ್ದಿದೆಯೇ ನೋಡಿ ಗುರುತು ಹಾಕಿ. ಒಟ್ಟು ನಾಲ್ಕು ಗಂಟೆ ದಾಟಿದರೆ ಹೆಚ್ಚಿನ ಸೊಪ್ಪೆಲ್ಲ ಬರುತ್ತದೆ. ಎರಡರಿಂದ ನಾಲ್ಕು ಗಂಟೆ ಇದ್ದರೆ ಆಯ್ದ ಸೊಪ್ಪು ಮಾತ್ರ. ಎರಡಕ್ಕಿಂತ ಕಡಿಮೆಯಾದರೆ ಬೀಜದ ಪೊಟ್ಟಣ ಒಡೆಯುವುದೇ ಬೇಡ, ಕಡ್ಡಿ-ಬಳ್ಳಿ ನೆಡುವ ಜಾತಿಗಳಿಗೆ ಹೋಗಿ. ಇನ್ನೊಂದು ಸಂಗತಿ: ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಮನೆಯ ಉತ್ತರ ಬದಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು ಕಂಡಿತೆಂದು ಅಲ್ಲೇ ಚೀಲ ಸಾಲಿಟ್ಟರೆ ಡಿಸೆಂಬರಿಗೆ ಅದು ಪೂರ್ತಿ ನೆರಳು. ಸೊಪ್ಪಿಗೆ ಒಳ್ಳೆಯ ಕಾಲವೆಂದರೆ ಅಕ್ಟೋಬರಿನಿಂದ ಫೆಬ್ರವರಿ. ಆಗಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮರಗಸಿ (ತೋಟದ ನೆರಳು ಮರಗಳ ರೆಂಬೆ ಕಡಿಸುವುದು) ಮಾಡಿಸುವವರಿದ್ದರೆ ಹಿತ್ತಿಲ ಕಡೆಯ ಕೆಳಗಿನ ರೆಂಬೆಗಳನ್ನೂ ಜೊತೆಗೇ ತೆಗೆಸಿ, ಒಂದು ಗಂಟೆಯ ಬಿಸಿಲಾದರೂ ಹೆಚ್ಚು ಸಿಗುತ್ತದೆ.

ಚೀಲದ ವಿಷಯಕ್ಕೆ ಬರೋಣ. 12 ಇಂಚು ಅಗಲ, 12 ಇಂಚು ಎತ್ತರದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಚೀಲಕ್ಕೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಗಟ್ಟಿ ನೇಯ್ಗೆಯದಾದರೆ ಕೆಲವು ವರ್ಷ ಬಾಳುತ್ತದೆ, ನೆರಳಿನಲ್ಲಂತೂ ಬಿಸಿಲಿಗೆ ಹರಿಯುವ ಭಯ ಇನ್ನೂ ಕಡಿಮೆ. ಆದರೆ ಸೊಪ್ಪಿಗೆ ಇಷ್ಟು ಆಳ ಬೇಡ. ಒಂಬತ್ತು ಇಂಚು ಆಳದ, ಉದ್ದ-ಅಗಲ ಹೆಚ್ಚಿರುವ ಚೀಲ ಸಿಕ್ಕರೆ ಅದೇ ಮೇಲು. ಅಷ್ಟೇ ಮಣ್ಣಿನಲ್ಲಿ ಮೂರರಲ್ಲೊಂದು ಪಾಲು ಹೆಚ್ಚು ಜಾಗ ಸೊಪ್ಪಿಗೆ ಸಿಗುತ್ತದೆ. ಕಿಟ್ಟಿನ ಚೀಲಗಳಿಗೆ ತೂತು ನಾಲ್ಕೋ ಆರೋ ಇರುತ್ತದೆ. ಮಲೆನಾಡಿನ ಮಳೆಗೆ ಅದು ಏನೇನೂ ಸಾಲದು. ಬಿಸಿ ಮಾಡಿದ ಕಬ್ಬಿಣದ ಸಲಾಕೆಯಿಂದ ತಳದ ಅಂಚಿನಲ್ಲಿ ಇನ್ನೂ ಎಂಟು ತೂತು ಹಾಕಿ. ಚೀಲವನ್ನು ನೆಲಕ್ಕೆ ಇಡಲೇಬೇಡಿ. ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ನೀರು ಇಳಿಯುವುದಕ್ಕಷ್ಟೇ ಅಲ್ಲ, ನೆಲಕ್ಕೆ ತಾಗಿದ ಚೀಲದ ತೂತಿನೊಳಗೆ ಸಿಲ್ವರ್ ಓಕ್, ಅಡಿಕೆಯ ಬೇರು ಕೆಳಗಿನಿಂದ ಹತ್ತಿ ಬರುತ್ತದೆ. ಕೆಲವೇ ತಿಂಗಳಲ್ಲಿ ಚೀಲದ ಅರ್ಧ ಭಾಗ ಮರದ ಬೇರಿನ ಜಾಲವಾಗಿ, ಹಾಕಿದ ಗೊಬ್ಬರವೆಲ್ಲ ಮರದ ಪಾಲಾಗುತ್ತದೆ. ಸೊಪ್ಪು ಮಾತ್ರ ಯಾಕೆ ಸೊರಗಿದೆ ಎಂದು ತಿಳಿಯುವುದಿಲ್ಲ.

ಕೋಕೋಪೀಟ್ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಒಂದು ಕಿಲೋ ಇಟ್ಟಿಗೆ ನೀರು ಕುಡಿದು ಅರಳಿದರೆ ಹದಿನಾಲ್ಕು ಲೀಟರ್ ಆಸುಪಾಸು ಆಗುತ್ತದೆ, ಒಂದು ಚೀಲಕ್ಕೇ ಸಾಲದು. ಅದಿರಲಿ, ಕೋಕೋಪೀಟಿನ ಗುಣವೇ ನೀರು ಹಿಡಿದಿಡುವುದು. ಬಿಸಿಲಿನ ತಾರಸಿಗೆ ಅದು ವರ. ನೆರಳಿನಲ್ಲಿ, ಜುಲೈ ತಿಂಗಳ ತಂಡಿಯಲ್ಲಿ, ಆ ನೀರು ಒಣಗುವುದೇ ಇಲ್ಲ. ಬೇರಿಗೆ ಗಾಳಿ ಸಿಗದೆ, ಮೊಳಕೆಯ ಕುತ್ತಿಗೆಯ ಹತ್ತಿರ ನೀರು ಕಟ್ಟಿದಂತಾಗಿ ಸಸಿ ಮಗ್ಗುಲಿಗೆ ಮಲಗಿಬಿಡುತ್ತದೆ. ಇದು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುವ ಸಸಿ ಕೊಳೆ. ‘ಅರ್ಧಕ್ಕರ್ಧ ಕೋಕೋಪೀಟ್ ಬೆರೆಸಿ’ ಎಂಬ ಕಿಟ್ಟಿನ ಸೂಚನೆಯನ್ನು ಇಲ್ಲಿ ಪಾಲಿಸಬೇಡಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಕೋಕೋಪೀಟ್: ಇದಿಷ್ಟು ಸಾಕು. ಬಳಸುವ ಅರ್ಧ ಪಾಲನ್ನೂ ನೆನೆಸಿ, ಹಿಂಡಿ, ಮತ್ತೆ ನೆನೆಸಿ ಹಿಂಡಿಯೇ ಹಾಕಬೇಕು. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ.

ನಮ್ಮ ಮಣ್ಣು ಹುಳಿ ಮಣ್ಣು. ಜೋರು ಮಳೆ ಬೀಳುವಲ್ಲಿ ಸುಣ್ಣದಂಶ ತೊಳೆದು ಹೋಗಿರುತ್ತದೆ. ಕಾಫಿ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಪಾಲಕ್, ಮೆಂತ್ಯಕ್ಕೆ ಹುಳಿ ಆಗದು, ಹಳದಿ ತಿರುಗಿ ಗಿಡ್ಡವಾಗಿಯೇ ನಿಲ್ಲುತ್ತವೆ. ಕಿಟ್ಟಿನಲ್ಲಿ ಸುಣ್ಣ ಇರುವುದಿಲ್ಲ, ಇರಬೇಕಿತ್ತು. ಒಂದು ಚೀಲಕ್ಕೆ 40 ಗ್ರಾಂ ಡಾಲೊಮೈಟ್ ಅಥವಾ ಕೃಷಿ ಸುಣ್ಣ ಬೆರೆಸಿ, ತೇವ ಮಾಡಿ ಎರಡು ವಾರ ಬಿಡಿ. ಆಮೇಲೆ ಗೊಬ್ಬರ ಮತ್ತು ನೂರು ಗ್ರಾಂ ಬೇವಿನ ಹಿಂಡಿ ಸೇರಿಸಿ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಹಿಡಿ ಲೆಕ್ಕಕ್ಕೆ ಬದಲು ಖಚಿತವಾಗಿ ತಿಳಿಯಬೇಕೆಂದರೆ ಮೂಡಿಗೆರೆ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.

ನೆರಳು ಬಲೆ: ನೆರಳಿರುವಲ್ಲಿ ನೆರಳಿಗೆ ದುಡ್ಡು ಕೊಡುವುದೇಕೆ? ಇಲ್ಲಿ ಬೇಕಾದ್ದು ಮಳೆಯ ಹೊಡೆತ ತಡೆಯುವ ಮುಚ್ಚಿಗೆ. 200 ಮೈಕ್ರಾನ್ ದಪ್ಪದ, ಯುವಿ ತಡೆಯುವ ಪಾರದರ್ಶಕ ಹಾಳೆಯನ್ನು ಬಿದಿರಿನ ಕಮಾನಿಗೆ ಕಟ್ಟಿ, ಎರಡೂ ಬದಿ ತೆರೆದಿಟ್ಟರೆ ಆಷಾಢದಲ್ಲೂ ಸೊಪ್ಪು ಉಳಿಯುತ್ತದೆ.

ಇನ್ನು ಬೀಜ. ಪಾಲಕ್, ಮೆಂತ್ಯ, ಕೊತ್ತಂಬರಿ, ಲೆಟ್ಯೂಸ್ ನಾಲ್ಕಕ್ಕೂ ಮೂರು ಗಂಟೆಯ ಬಿಸಿಲು ಸಾಕು. ಎಲೆ ಸ್ವಲ್ಪ ತೆಳ್ಳಗೆ, ತೊಟ್ಟು ಉದ್ದ ಆಗುತ್ತದೆ, ರುಚಿಗೇನೂ ಕೊರತೆಯಿಲ್ಲ. ಫೆಬ್ರವರಿ-ಮಾರ್ಚ್‌ನ ಕಾವಿಗೆ ಕೊತ್ತಂಬರಿ ಬೇಗ ಹೂ ಬಿಡುವುದನ್ನು ಮಧ್ಯಾಹ್ನದ ನೆರಳು ತಡ ಮಾಡುತ್ತದೆ, ಅದು ಲಾಭವೇ. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಹನ್ನೆರಡು ಗಂಟೆ ನೆನೆಸಿ ಬಿತ್ತಿ. ಮೊಳೆಯಲು ಹತ್ತರಿಂದ ಹದಿನೈದು ದಿನ ಬೇಕು, ಬರಲಿಲ್ಲವೆಂದು ಮಣ್ಣು ಕೆದಕಬೇಡಿ. ಲೆಟ್ಯೂಸ್ ಬೀಜಕ್ಕೆ ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು. ನವೆಂಬರಿನಿಂದ ಜನವರಿ ಅದರ ಕಾಲ. ಮೆಂತ್ಯ ಮತ್ತು ಕೊತ್ತಂಬರಿಗೆ ದಿನಸಿ ಅಂಗಡಿಯ ಹೊಸ ಕಾಳೇ ಆಗುತ್ತದೆ, ಪೊಟ್ಟಣಕ್ಕೆ ದುಡ್ಡು ಕೊಡಬೇಕಿಲ್ಲ. ಹೆಸರಿರುವ ತಳಿಯೇ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಕೊತ್ತಂಬರಿ, ಅರ್ಕಾ ಅನುಪಮಾ ಪಾಲಕ್ ಇವೆ. ಅರ್ಕಾ ಇಶಾ ಮತ್ತೆ ಮತ್ತೆ ಕೊಯ್ಯುವ ತಳಿಯಾದ್ದರಿಂದ ಸಣ್ಣ ಜಾಗಕ್ಕೆ ಲಾಯಕ್ಕು.

ದಂಟು, ಹರಿವೆ ಬೀಜವನ್ನು ನೆರಳಿನವರು ಬಿತ್ತಲೇಬೇಡಿ. ಇವು ಜೋಳ, ಕಬ್ಬಿನಂತೆ ಸಿ4 ಗುಂಪಿನ, ಎಂದರೆ ಜೋರು ಬಿಸಿಲಿನಲ್ಲಿ ಚುರುಕಾಗಿ ಆಹಾರ ತಯಾರಿಸಿಕೊಳ್ಳುವ ಗಿಡಗಳು. ಕಾವು ಮತ್ತು ತುಂಬು ಬಿಸಿಲಿನಲ್ಲೇ ಇವುಗಳ ಶಕ್ತಿ. ನೆರಳಿನಲ್ಲಿ ಕಡ್ಡಿಯಾಗಿ ಬೆಳೆದು, ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆಯ ಬಿಳಿ ತುಕ್ಕು ರೋಗ ಹತ್ತುತ್ತದೆ. ಸಬ್ಬಸಿಗೆ ಉದ್ದಕ್ಕೆ ಎಳೆದುಕೊಂಡು ಮಳೆಗೆ ಬಾಗಿ ಬೀಳುತ್ತದೆ. ಪುದೀನ ಬೀಜ ಕೊಟ್ಟಿರುವುದು ನಮಗೆ ಸರಿಯೇ ಕಾಣುವುದಿಲ್ಲ. ಬೀಜದ ಪುದೀನ ತಾಯಿಗಿಡದಂತೆಯೇ ಬರುತ್ತದೆಂಬ ಖಾತರಿಯಿಲ್ಲ, ಮೊಳಕೆಯೂ ಕಮ್ಮಿ. ಮಾರ್ಕೆಟ್ಟಿನ ಒಂದು ಕಟ್ಟಿನಲ್ಲಿ ದಪ್ಪ ದಂಟು ನೋಡಿ ನಾಲ್ಕು ಇಂಚಿಗೆ ಕತ್ತರಿಸಿ, ಎರಡು ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟರೆ ಹತ್ತು ದಿನದೊಳಗೆ ಬೇರು.

19:19:19 ಪೊಟ್ಟಣದ ಬಗ್ಗೆ ಎಚ್ಚರಿಕೆಯ ಮಾತು. ಸೊಪ್ಪು ಮಣ್ಣಿನಿಂದ ಹೀರಿದ ನೈಟ್ರೇಟನ್ನು ಪ್ರೋಟೀನಾಗಿ ಮಾರ್ಪಡಿಸಲು ಬೆಳಕು ಬೇಕು. ಬೆಳಕು ಕಮ್ಮಿ, ಗೊಬ್ಬರ ಜಾಸ್ತಿ ಆದರೆ ಆ ನೈಟ್ರೇಟ್ ಎಲೆಯಲ್ಲೇ ಉಳಿಯುತ್ತದೆ. ಕಡು ಹಸಿರಾಗಿ ಕಂಡಿತೆಂದು ಹಿಗ್ಗುವ ಹಾಗಿಲ್ಲ, ಆ ಎಲೆಗೆ ಹೇನು ಬೇಗ ಮುತ್ತುತ್ತದೆ. ಚಿಕ್ಕ ಮಕ್ಕಳಿಗೆ ಅಂಥ ಸೊಪ್ಪು ಒಳ್ಳೆಯದೂ ಅಲ್ಲ. ವಾರಕ್ಕೊಮ್ಮೆ ಎಂದು ಬರೆದಿದ್ದರೂ ನೆರಳಿನಲ್ಲಿ ಲೀಟರಿಗೆ ಎರಡು ಗ್ರಾಂ, ಮೂರು ವಾರಕ್ಕೊಮ್ಮೆ ಸಾಕು. ಕೊಟ್ಟಿಗೆ ಗೊಬ್ಬರ ಇದ್ದರೆ ಅದೂ ಬೇಡ. ಕೊಯ್ಲು ಬೆಳಗಿನ ಬದಲು ಸಂಜೆ ಮಾಡಿ.

ಕಿಟ್ಟಿನಲ್ಲಿ ಇಲ್ಲದ, ಆದರೆ ನೆರಳಿಗೆ ಹೇಳಿ ಮಾಡಿಸಿದ ಸೊಪ್ಪುಗಳು ನಮ್ಮ ಸುತ್ತಲೇ ಇವೆ. ಮೊದಲ ಸ್ಥಾನ ಕಾಡು ಕೊತ್ತಂಬರಿಗೆ. ಕಾಫಿ ತೋಟದ ದಾರಿಬದಿಯಲ್ಲಿ ನೆಲಕ್ಕೆ ಅಂಟಿಕೊಂಡು, ಉದ್ದನೆಯ ಗರಗಸದಂಚಿನ ಎಲೆಯ ಸುತ್ತಾಗಿ ಬೆಳೆಯುತ್ತದಲ್ಲ, ಅದೇ. ಬಿಸಿಲಿಗಿಟ್ಟರೆ ಬೇಗ ಹೂಗೊಂಚಲು ಎತ್ತಿ ಎಲೆ ಮುಳ್ಳುಮುಳ್ಳಾಗುತ್ತದೆ. ನೆರಳಿನಲ್ಲಿ ಎಲೆ ಅಗಲ, ಮೆದು, ಘಮವೂ ಜೋರು. ಕೊತ್ತಂಬರಿ ಹಾಕುವ ಜಾಗದಲ್ಲಿ ಮೂರರಲ್ಲೊಂದು ಪಾಲು ಹಾಕಿ. ಬೀಜ ಮೊಳೆಯಲು ಮೂರು ನಾಲ್ಕು ವಾರ ಹಿಡಿಯುವುದರಿಂದ ತೋಟದಿಂದ ಮರಿ ಸಸಿ ಕಿತ್ತು ತರುವುದೇ ಸುಲಭ. ಹೂದಂಟು ಕಂಡ ತಕ್ಷಣ ಚಿವುಟಿ, ಒಂದೆರಡನ್ನು ಮಾತ್ರ ಬೀಜಕ್ಕೆ ಬಿಡಿ.

ಒಂದೆಲಗಕ್ಕೆ ಚೀಲಕ್ಕಿಂತ ಆರಿಂಚು ಆಳದ ಅಗಲ ಟ್ರೇ ಒಳ್ಳೆಯದು. ಬೇರು ಬಿಟ್ಟ ಗೆಣ್ಣನ್ನು ಆರಿಂಚಿಗೊಂದರಂತೆ ಊರಿದರೆ ತಾನೇ ಹಬ್ಬುತ್ತದೆ. ತಂಬುಳಿಗೆ ಹಸಿಯಾಗಿಯೇ ಅರೆಯುವುದರಿಂದ ಬಚ್ಚಲ ನೀರು, ಚರಂಡಿ ಬದಿ, ಇಲಿ ಓಡಾಡುವ ಜಾಗ ಖಂಡಿತ ಬೇಡ. ದೊಡ್ಡಪತ್ರೆ ನೆರಳು ತಡೆಯುತ್ತದೆ, ಮಳೆ ತಡೆಯುವುದಿಲ್ಲ. ಎರಚಲು ಬಾರದ ಸೂರಿನಡಿ ಇಡಿ. ಬಸಳೆಗೆ ಚಪ್ಪರ ಕೊಟ್ಟರೆ ತಾನೇ ಬೆಳಕು ಹುಡುಕಿ ಹತ್ತುತ್ತದೆ.

ಚಕ್ರಮುನಿ ಬೇಲಿಗೂ ಆಗುತ್ತದೆ, ಸಾರಿಗೂ ಆಗುತ್ತದೆ. ಬಲಿತ ಕಡ್ಡಿ ಎಂಟು ಇಂಚಿನದು, ಎರಡು ಅಡಿಗೊಂದು, ಜೂನ್‌ನಲ್ಲಿ ಓರೆಯಾಗಿ ಊರಿ, ಸೊಂಟದೆತ್ತರಕ್ಕೆ ಸವರುತ್ತಿರಿ. ಇದನ್ನು ಬೇಯಿಸಿಯೇ ತಿನ್ನಬೇಕು. ತೈವಾನಿನಲ್ಲಿ 1994-95ರ ಹೊತ್ತಿಗೆ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದದ್ದು ದಾಖಲಾಗಿದೆ. ಪಲ್ಯ, ಸಾರಿಗೆ ಆಗೊಮ್ಮೆ ಈಗೊಮ್ಮೆ ಬಳಸಿ. ಜ್ಯೂಸ್ ಬೇಡವೇ ಬೇಡ.

ಇವೆಲ್ಲಕ್ಕೂ ಮಳೆಗಾಲದಲ್ಲಿ ಒಬ್ಬನೇ ದೊಡ್ಡ ಶತ್ರು, ಬಸವನಹುಳು. ಯಾವ ಕಿಟ್ಟಿನಲ್ಲೂ ಇದಕ್ಕೆ ಮದ್ದಿಲ್ಲ. ಸುಣ್ಣದ ಪಟ್ಟೆ ಹಾಕಿದರೆ ಮೊದಲ ಮಳೆಗೆ ಕೆಲಸ ಮುಗಿಯಿತು. ಸಂಜೆ ಒದ್ದೆ ಗೋಣಿಚೀಲವನ್ನು, ಅದರಡಿ ಪರಂಗಿ ಎಲೆ ಅಥವಾ ಕೋಸಿನ ಸಿಪ್ಪೆ ಇಟ್ಟು, ಚೀಲಗಳ ನಡುವೆ ಹಾಸಿ. ಬೆಳಗ್ಗೆ ಬೇಗ ಎತ್ತಿ, ಸೇರಿರುವುದನ್ನು ಕೈಗವಸು ಹಾಕಿ ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬಸವನಹುಳು ಕೊಲ್ಲಲು ಮಾರುವ ಮೆಟಾಲ್ಡಿಹೈಡ್ ಗುಳಿಗೆ ನಾಯಿ, ಬೆಕ್ಕು, ಕೋಳಿಗೆ ವಿಷ, ಹಿತ್ತಿಲಿಗೆ ತರಬೇಡಿ.

ಕೊನೆಗೂ ಕಿಟ್ಟನ್ನೇ ಕೊಳ್ಳುವವರು, ಯಾರಿಗೋ ಉಡುಗೊರೆ ಕೊಡುವವರು, ಪೆಟ್ಟಿಗೆಯ ಮೇಲಿನ ದಿನಾಂಕಕ್ಕೆ ಬದಲು ಒಳಗಿನ ಪ್ರತಿ ಬೀಜದ ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡಿ. ಪೆಟ್ಟಿಗೆ ಹೊಸದಿದ್ದು ಬೀಜ ಹಳೆಯದಿರುವುದುಂಟು. ಮಲೆನಾಡಿನ ತೇವಕ್ಕೆ ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಕೊಂಡದ್ದನ್ನು ಅಕ್ಟೋಬರಿಗೆ ಬಿತ್ತುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತಳಕ್ಕೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಅದರ ಮೇಲೆ ಪೊಟ್ಟಣಗಳನ್ನಿಡಿ. ಬಿತ್ತುವ ವಾರದ ಮೊದಲು ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಆರಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣಕ್ಕೆ ಚೀಲ, ಮಣ್ಣು ಖರ್ಚು ಮಾಡಬೇಡಿ.